ಉಪ್ಪುನೀರಿನ ತೊಟ್ಟಿಗೆ ಗಂಗೆ ಪೂಜೆ

ಪವಿ, ಮನು, ನೀವಿಬ್ಬರೂ ಉಪ್ಪುನೀರಿನ ತೊಟ್ಟಿ ಕಟ್ಟಿಕೊಡುವ ಕೆಲಸಕ್ಕೇ ಸೇರುತ್ತೀವಿ ಅಂದ ದಿನ ನಾನು ಏನೂ ಹೇಳದೆ ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕುಳಿತೆ. ಅಜ್ಜಿಗೆ ಇಷ್ಟವಿಲ್ಲ ಅಂದುಕೊಂಡಿರಿ. ಹಾಗಲ್ಲ. ಎದುರಿಗೆ ಕೂತು ಹೇಳಬೇಕಾದ ಮಾತಾದರೆ ನನ್ನ ಬಾಯಿಂದ ಹೊರಡುವುದಿಲ್ಲ. ಪೂರಿಗಾಲಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಅಲ್ಲಿಯೂ ಉತ್ತರ ಗೊತ್ತಿದ್ದು ಕೈ ಎತ್ತಿದವಳಲ್ಲ. ಅದೇ ಗುಣದಿಂದ ಮುಂದೆ ಒಬ್ಬ ಒಳ್ಳೆಯ ಕೆಲಸಗಾರನ ಅನ್ನ ಹೋಗುವುದರಲ್ಲಿತ್ತು. ನೀವು ಕೆಲಸಕ್ಕೆ ಹೋಗುವ ಮುಂಚೆ ಅದನ್ನು ತಿಳಿದಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ಕಿರುಗಾವಲಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದೆ. ಆಗ ಮದ್ದೂರಿನಲ್ಲಿ ವಿಮಲಾ ಮೇಡಂ ತೊಟ್ಟಿ ತೊಳೆಯಲು ಒಬ್ಬ ಹೆಂಗಸನ್ನು ಹುಡುಕುತ್ತಿದ್ದರು. ಅವರು ಕುಂದಾಪುರದ ಕಡೆಯವರು, ಮೀನಿನ ವಿಷಯವನ್ನೇ ಕಾಲೇಜಿನಲ್ಲಿ ಓದಿದವರು, ಮದ್ದೂರಿಗೆ ಮದುವೆಯಾಗಿ ಬಂದವರು. ನಾಲೆ ನೀರು ನಿಂತೂ ನಿಂತೂ ನಮ್ಮ ಕಡೆ ಎಷ್ಟೋ ಜಮೀನು ಚೌಳಾಗಿದೆ. ಕೆಲವು ಬೋರ್‌ವೆಲ್ಲುಗಳ ನೀರು ಬಾಯಿಗಿಡಲಾಗದಷ್ಟು ಸವಳು. "ಈ ನೀರನ್ನು ಬೈಯುದಕ್ಕಿಂತ ಅದರ ಕೈಲಿ ಕೆಲಸ ಮಾಡಿಸಿದ್ರೆ ಆಗುದಿಲ್ವಾ?" ಎನ್ನುತ್ತಿದ್ದರು ಮೇಡಂ. ಮನೆಯ ಹಿತ್ತಲಲ್ಲೇ ಉಪ್ಪುನೀರಿನ ಮೀನು, ಸಿಗಡಿ, ಜೊತೆಗೆ ಸೊಪ್ಪು ಬೆಳೆಯುವ ತೊಟ್ಟಿಗಳನ್ನು ಕಟ್ಟಿಕೊಡುವುದು ಅವರ ಕೆಲಸ.

ಅದರ ಕ್ರಮ ಹೀಗೆ. ಒಂದು ತೊಟ್ಟಿಯಲ್ಲಿ ತಿಲಾಪಿಯಾ ಅನ್ನುವ ಜಿಲೇಬಿ ಮೀನು, ಇನ್ನೊಂದರಲ್ಲಿ ಸಿಗಡಿ. ಎರಡರ ಗಲೀಜು ನೀರೂ ಜಲ್ಲಿ ತುಂಬಿದ ಮಡಿಗಳಿಗೆ ಹೋಗುತ್ತದೆ. ಜಲ್ಲಿಯಲ್ಲಿ ಕಣ್ಣಿಗೆ ಕಾಣದ ಜೀವಗಳಿದ್ದು ಆ ಗಲೀಜನ್ನು ಗೊಬ್ಬರ ಮಾಡುತ್ತವೆ. ಉಪ್ಪು ತಡೆಯುವ ಸೊಪ್ಪು ಅದನ್ನು ಉಂಡು ಬೆಳೆಯುತ್ತದೆ. ತಿಳಿಯಾದ ನೀರು ಕೆಳಗಿನ ಸಂಪಿಗೆ ಬಿದ್ದು, ಮೋಟಾರಿನಿಂದ ಮತ್ತೆ ಮೇಲೇರುತ್ತದೆ. ನಮ್ಮ ಗೋಣಿಸೊಪ್ಪು ಉಪ್ಪಿಗೆ ಹೆದರುವುದಿಲ್ಲ ಎಂದು ಮೇಡಮ್‌ಗೆ ತೋರಿಸಿದವಳು ನಾನು. ಬಾಯಲ್ಲಿ ಹೇಳಲಿಲ್ಲ. ಚೌಳು ಗದ್ದೆಯ ಬದುವಿನಿಂದ ಒಂದು ಹಿಡಿ ಕಿತ್ತು ತಂದು ಅವರ ಮೇಜಿನ ಮೇಲಿಟ್ಟೆ, ಅಷ್ಟೇ.

ನನ್ನ ಮೊದಲ ತಪ್ಪು ನೀರಿನದೇ. ಪೂರಿಗಾಲಿಯ ಒಂದು ಮನೆಯಲ್ಲಿ ಬೋರ್‌ವೆಲ್ಲಿನ ನೀರನ್ನು ನಾಲಗೆಗೆ ಮುಟ್ಟಿಸಿ, ಸಾಕಷ್ಟು ಉಪ್ಪಿದೆ ಅಂತ ತೊಟ್ಟಿಗೆ ತುಂಬಿಸಿಬಿಟ್ಟೆ. ಸಿಗಡಿ ಮರಿಗಳು ಸಂಜೆಯೊಳಗೆ ಬಾಲ ಮಡಚಿಕೊಂಡು ಒದ್ದಾಡತೊಡಗಿದವು. ಮೇಡಂ ಓಡಿ ಬಂದರು. "ಉಪ್ಪು ಉಂಟು ಜಯಮ್ಮ, ಸಮುದ್ರ ಇಲ್ಲ. ಪೊಟ್ಯಾಷ್ ಎಲ್ಲಿ?" ಎಂದರು. ಕಬ್ಬಿಗೆ ಹಾಕುವ ಪೊಟ್ಯಾಷ್ ಸಿಗಡಿಗೂ ಬೇಕೆಂದು ನನಗೇನು ಗೊತ್ತು. ಅಂದಿನಿಂದ ನಾಲಗೆಯನ್ನು ನಂಬುವುದು ಬಿಟ್ಟೆ. ಒಂದು ಹನಿ ನೀರನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ಉಪ್ಪು ಅಳೆಯುವ ಕೊಳವೆಯೊಂದನ್ನು ಮೇಡಂ ನನ್ನ ಕೊರಳಿಗೇ ಕಟ್ಟಿದರು. ಅದರಲ್ಲಿ ಉಪ್ಪು ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ಬೇರೆ ಬಾಟಲಿಗಳ ಪರೀಕ್ಷೆ.

ಇನ್ನೊಂದು ಕಷ್ಟ, ಜನಕ್ಕೆ ತಡೆಯಲು ಆಗುವುದಿಲ್ಲ. ನೀರು ತುಂಬಿದ ಮೇಲೆ ಜಲ್ಲಿಯಲ್ಲಿ ಆ ಜೀವಗಳು ಹುಟ್ಟಿ ಹರಡಲು ನಾಲ್ಕೈದು ವಾರ ಬೇಕು. ಮೇಡಂ ಅದನ್ನು ಏನೇನೋ ದೊಡ್ಡ ಹೆಸರಿನಿಂದ ವಿವರಿಸುತ್ತಿದ್ದರು. ಮನೆಯವರು ತಲೆ ಆಡಿಸಿ, ಮಾರನೆಯ ದಿನವೇ ಮೀನು ತಂದು ಬಿಡುತ್ತಿದ್ದರು. ಮೀನು ಬಾಯಿ ತೆರೆದುಕೊಂಡು ಮೇಲಕ್ಕೆ ಬಂದು ಸಾಯುತ್ತಿತ್ತು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅಲುಗಾಡಿಸದೆ ಕಾಯಬೇಕು ಎಂದರೆ ಹೆಂಗಸರಿಗೆ ಅರ್ಥವಾದೀತು ಎಂದು ನನಗೆ ಹೊಳೆದಿತ್ತು. ಮೇಡಂ ಮುಂದೆ ಹೇಳಲು ನಾಚಿಕೆ. ಎರಡು ಮನೆಗಳ ಮೀನು ಸತ್ತ ಮೇಲೆ ಒಂದು ದಿನ ಬಸ್ಸಿನಲ್ಲಿ ಅವರ ಕಿವಿಯಲ್ಲಿ ಹೇಳಿದೆ. "ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಮಾರಾಯ್ತಿ?" ಎಂದು ಗದರಿದರು. ಆಮೇಲಿಂದ ನಾವು ಹಳೆಯ ತೊಟ್ಟಿಯ ಒಂದು ಬಕೀಟು ಜಲ್ಲಿಯನ್ನು ಹೊಸ ಮಡಿಗೆ ಹಾಕಿ "ಹೆಪ್ಪು ಹಾಕಿದ್ದೇವೆ" ಎಂದೇ ಹೇಳುತ್ತಿದ್ದೆವು. ಆ ಮಾತಿಗೆ ಎಲ್ಲರೂ ಕಾಯುತ್ತಿದ್ದರು.

ಈಗ ನಜೀರಣ್ಣನ ವಿಷಯ. ಪೈಪು, ಮೋಟಾರು, ಕರೆಂಟು ಎಲ್ಲ ಅವರದು. ಮಳವಳ್ಳಿಯವರು. ಗ್ಯಾರೇಜಿನ ಹೊಗೆಗೆ ಉಬ್ಬಸ ಬಂದು, ಡಾಕ್ಟರು ಬೇಡವೆಂದ ಮೇಲೆ ಈ ಕೆಲಸಕ್ಕೆ ಬಂದಿದ್ದರು. ಇದು ತಪ್ಪಿದರೆ ಮತ್ತೆ ಅದೇ ಹೊಗೆಗೆ ಹೋಗಬೇಕು, ಬೇರೆ ದಾರಿ ಇರಲಿಲ್ಲ.

ಒಂದು ಮಧ್ಯಾಹ್ನ ಮದ್ದೂರಿನ ತೊಟ್ಟಿಗಳ ಹತ್ತಿರ ನಾವಿಬ್ಬರೇ ಇದ್ದೆವು. ಕರೆಂಟು ಹೋಯಿತು. ಉಪ್ಪುನೀರಿನಲ್ಲಿ ಉಸಿರು ಬೇಗ ತೀರುತ್ತದೆ. ಅರ್ಧ ಗಂಟೆಯೊಳಗೆ ಸಿಗಡಿಗಳು ತೊಟ್ಟಿಯ ಅಂಚು ಹಿಡಿದು ಏರತೊಡಗಿದವು. "ಅಕ್ಕ, ನೀರು ಎತ್ತಿ ಎತ್ತಿ ಉಯ್ಯಿ. ಮ್ಯಾಲಿಂದ ಉಯ್ಯಿ. ನಿಲ್ಲಿಸ್ಬ್ಯಾಡಿ," ಎಂದು ನಜೀರಣ್ಣ ನನ್ನ ಕೈಗೆ ಬಿಂದಿಗೆ ಕೊಟ್ಟು ಓಡಿದರು. ನಾನು ಎತ್ತಿ ಉಯ್ದೆ, ಎತ್ತಿ ಉಯ್ದೆ. ತೋಳು ಮರಗಟ್ಟಿತು. ಸೊಂಟ ಹಿಡಿಯಿತು. ಯಾರನ್ನಾದರೂ ಕೂಗಿ ಕರೆಯಬಹುದಿತ್ತು, ಬೀದಿ ತುಂಬ ಜನ. ಕೂಗಲಿಲ್ಲ. ಅವರು ಯಾರದೋ ಬೈಕಿನ ಬ್ಯಾಟರಿ ಬಿಚ್ಚಿಕೊಂಡು ಬಂದು ಸಣ್ಣ ಗಾಳಿ ಮೋಟಾರಿಗೆ ಕಟ್ಟಿದಾಗ ನೀರಿನಲ್ಲಿ ಗುಳ್ಳೆ ಎದ್ದವು. ನಾನು ಅಲ್ಲೇ ನೆಲಕ್ಕೆ ಕೂತೆ. "ಒಬ್ರೇ ಉಯ್ದ್ರಾ? ಪಕ್ಕದ ಮನೇರನ್ನ ಕೂಗಕ್ಕೇನಾಗಿತ್ತು? ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದೀರಾ?" ಎಂದು ನಕ್ಕರು. ಅಂದಿನಿಂದ ನಾವು ಕಟ್ಟಿದ ಪ್ರತಿ ತೊಟ್ಟಿಗೂ ಒಂದು ಬ್ಯಾಟರಿ ಬಂತು.

ಅವರದೂ ಒಂದು ತಪ್ಪಿತ್ತು. ಮಳವಳ್ಳಿಯ ಒಂದು ಮನೆಯಲ್ಲಿ ಪ್ಲಾಸ್ಟಿಕ್ ವಾಲ್ವು ಸೋರುತ್ತದೆಂದು ಗಟ್ಟಿ ಹಿತ್ತಾಳೆ ವಾಲ್ವು ಹಾಕಿದರು. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ. ಉಪ್ಪುನೀರು ತಾಮ್ರವನ್ನು ಕರಗಿಸುತ್ತದೆ, ಕರಗಿದ ತಾಮ್ರ ಸಿಗಡಿಗೆ ವಿಷ. ಒಂದು ತೊಟ್ಟಿ ಪೂರ್ತಿ ಸತ್ತಿತು. ಮೇಡಂ ಆಗ ಅವರಿಗೆ ಹೇಳಿದ್ದು ಒಂದೇ ಮಾತು: "ಇನ್ನೊಂದು ಸಲ ಆದ್ರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ ನಜೀರಣ್ಣ." ಆ ದಿನ ನಾನು ಸ್ಥಳದಲ್ಲಿರಲಿಲ್ಲ. ಹಿತ್ತಾಳೆ ಕೂಡದು ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಚಿಕ್ಕರಸಿನಕೆರೆಯ ಗಿರಿಜಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಸವಳು ನೀರಿಗೆ ಹಿತ್ತಲೆಲ್ಲ ಒಣಗಿತ್ತು. ಅತ್ತೆ ನಿಂಗಮ್ಮ ಬೇಡವೆಂದರೂ ಹಟ ಹಿಡಿದು ತೊಟ್ಟಿ ಕಟ್ಟಿಸಿದಳು. ನೀರು ತುಂಬಿಸಿದ ಶುಕ್ರವಾರ ನಿಂಗಮ್ಮ ದೇವಸ್ಥಾನಕ್ಕೆ ಹೋಗಿದ್ದರು. ನಜೀರಣ್ಣ ನಮಾಜಿಗೆ ಹೋಗಿದ್ದರು. ಹೊಸ ನೀರು ಬಂದ ಕಡೆ ಗಂಗೆ ಪೂಜೆ ಮಾಡದೆ ಇರುತ್ತಾರೆಯೇ? ಗಿರಿಜಾ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹೂವು, ಒಂದು ತಾಮ್ರದ ಚೊಂಬು ತಂದಳು. ನಾನು ಪಕ್ಕಕ್ಕೆ ಸರಿದು ನಿಂತೆ. ಇಂಥ ಜಾಗದಲ್ಲಿ ಗಂಡ ಸತ್ತವಳು ಎಲ್ಲಿ ನಿಲ್ಲಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಅಕ್ಕ, ಯಾಕ್ ಅಲ್ಲೋಗ್ ನಿಂತ್ಕೊಂಡ್ರಿ? ಬನ್ನಿ, ನೀವೇ ಮಾಡಿ," ಎಂದಳು.

"ಬ್ಯಾಡ ಕಣವ್ವ. ನೀನು ಮಾಡು."

"ಒಂದ್ ವಾರದಿಂದ ನೀರು ಹೊತ್ತಿದ್ದು ನೀವು, ಉಪ್ಪು ಕದಡಿದ್ದು ನೀವು. ಪೂಜೆಗ್ ಮಾತ್ರ ನಾನು ಬೇಕಾ? ಬನ್ನಿ ಅಂದ್ರೆ."

ಚೊಂಬನ್ನು ನನ್ನ ಕೈಗೇ ಇಟ್ಟಳು. ನಿಮ್ಮ ತಾತ ಹೋದ ಮೇಲೆ ಅಂಥದೊಂದು ನನ್ನ ಕೈಗೆ ಬಂದದ್ದು ಅದೇ ಮೊದಲು. ಅರಿಶಿನ ಕುಂಕುಮ ನೀರಿಗೆ ಬೀಳಬಾರದೆಂಬ ಎಚ್ಚರ ನನಗಿತ್ತು. ಅವನ್ನು ಸಂಪಿನ ಕಟ್ಟೆಗೆ ಮಾತ್ರ ಹಚ್ಚಿದೆ. ಚೊಂಬನ್ನು ಚೆನ್ನಾಗಿ ತೊಳೆದು, ನೀರು ತುಂಬಿ, ಸಂಪಿನೊಳಗೆ ಇಳಿಸಿ, ನೀರು ಹುಳಿಯಾಗದಿರಲೆಂದು ಅಲ್ಲಿ ಇಟ್ಟಿದ್ದ ಕಪ್ಪೆಚಿಪ್ಪಿನ ಚೀಲದ ಹಿಂದೆ ಒರಗಿಸಿಟ್ಟೆ. ಗಂಗೆ ತಳದಲ್ಲಿರಲಿ ಅಂತ. ಹಿತ್ತಾಳೆ ಕೂಡದು ಎಂಬುದು ನೆನಪಿತ್ತು. ಇದು ಹಿತ್ತಾಳೆಯಲ್ಲ, ತಾಮ್ರ. ತಾಮ್ರದ ಚೊಂಬಿನ ನೀರು ಕುಡಿದರೆ ಆರೋಗ್ಯ ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ. ನೀರಿಗೆ ಒಳ್ಳೆಯದನ್ನೇ ಮಾಡಿದೆ ಎಂದು ತಿಳಿದಿದ್ದೆ.

ಹೆಪ್ಪಿನ ವಾರಗಳು ಕಳೆದು ಮೀನು, ಸಿಗಡಿ ಬಿಟ್ಟೆವು. ಸಿಗಡಿ ಇನ್ನೂರು. ಮೊದಲ ವಾರ ಏಳೆಂಟು ಸತ್ತವು. ಆಮೇಲೆ ದಿನಕ್ಕೆ ಹತ್ತು, ಹದಿನೈದು. ಪೊರೆ ಬಿಟ್ಟ ಮೆತ್ತನೆಯ ಸಿಗಡಿಗಳೇ ಮೊದಲು ಹೋಗುತ್ತಿದ್ದವು. ಪಕ್ಕದ ತೊಟ್ಟಿಯ ಜಿಲೇಬಿ ಮೀನು ಮಾತ್ರ ಏನೂ ಆಗದೆ ಓಡಾಡಿಕೊಂಡಿತ್ತು. ಬಾಟಲಿಗಳ ಪರೀಕ್ಷೆಯೆಲ್ಲ ಸರಿಯಾಗಿಯೇ ಬರುತ್ತಿತ್ತು.

ಮೇಡಂ ಬಂದು ಸತ್ತ ಸಿಗಡಿಯನ್ನು ಅಂಗೈ ಮೇಲೆ ಹೊರಳಿಸಿ ನೋಡಿದರು. "ಮೀನು ಬದುಕಿದೆ. ಸಿಗಡಿ ಸಾಯ್ತಾ ಉಂಟು. ಇದು ತಾಮ್ರ," ಎಂದರು. ತಿರುಗಿ ನಜೀರಣ್ಣನನ್ನು ನೋಡಿದರು.

ತಾಮ್ರ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನಾನು ಸಂಪಿನ ಮುಚ್ಚಳದ ಕಡೆ ನೋಡಿದೆ. ಸಂಪು ನನ್ನಿಂದ ಎರಡು ಮಾರು ದೂರದಲ್ಲಿತ್ತು.

"ಇಲ್ಲ ಮೇಡಂ, ಅಲ್ಲಾನ ಆಣೆ, ಒಂದೂ ಹಿತ್ತಾಳೆ ಹಾಕಿಲ್ಲ ಈ ಮನೇಲಿ," ಎಂದರು ನಜೀರಣ್ಣ.

"ಆಚೆ ಸಲವೂ ನೀವು ಮೊದಲು ಇಲ್ಲ ಅಂತ್ಲೇ ಹೇಳಿದ್ದು. ತಾಮ್ರ ನೋಡುವ ಬಾಟಲಿ ಮಂಗಳೂರಿಂದ ತರಿಸ್ತೇನೆ. ಅಷ್ಟರೊಳಗೆ ಒಂದೊಂದೇ ಜಾಯಿಂಟು ಬಿಚ್ಚಿ ತೋರ್ಸಿ. ಸಿಕ್ಕಿದ್ರೆ ನಮ್ಮಿಬ್ಬರದು ಇಲ್ಲಿಗೆ ಮುಗೀತು."

ಬಾಗಿಲಲ್ಲಿ ನಿಂತಿದ್ದ ನಿಂಗಮ್ಮ, "ನಾನು ಆವತ್ತೇ ಯೋಳ್ದೆ. ನೆಲದ್ ಮ್ಯಾಲೆ ಸಮುದ್ರ ಕಟ್ಟಕ್ಕೋದ್ರೆ ಇಂಗೇ ಆಗದು. ಯಾರ್ ಕೈ ದೆಸೆಯೋ ಏನೋ," ಎಂದರು.

ಆ ಕೊನೆಯ ಮಾತು ನನ್ನ ನಾಲಗೆಯನ್ನು ಕಟ್ಟಿತು. ಈಗ ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಾಮ್ರದ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಮುಂಡೆ ಕೈಯಲ್ಲಿ ಗಂಗೆ ಪೂಜೆ ಮಾಡಿಸಿದರು, ಅದಕ್ಕೇ ಸತ್ತವು ಎನ್ನುತ್ತಾರೆ. ನನ್ನನ್ನು ಕರೆದ ತಪ್ಪಿಗೆ ಗಿರಿಜಾಳಿಗೂ ಆ ಮಾತು ತಪ್ಪುವುದಿಲ್ಲ. ಗಿರಿಜಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ತಾಮ್ರ ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಯಾರೂ ಇಲ್ಲದಾಗ ಚೊಂಬನ್ನು ಮೆಲ್ಲಗೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿಬಿಡೋಣವೇ ಎಂದೂ ಯೋಚಿಸಿದೆ. ತೆಗೆದರೆ ಸಿಗಡಿ ಉಳಿಯುತ್ತಿದ್ದವು. ಆದರೆ ತಾಮ್ರ ಎಲ್ಲಿಂದ ಬಂತು ಎಂಬುದು ಎಂದೆಂದಿಗೂ ನಜೀರಣ್ಣನ ತಲೆಯ ಮೇಲೇ ಉಳಿಯುತ್ತಿತ್ತು. ತೆಗೆಯಲೂ ಇಲ್ಲ, ಹೇಳಲೂ ಇಲ್ಲ. ಆ ದಿನ ಹಾಗೇ ಬಸ್ಸು ಹತ್ತಿದೆ.

ಮಾರನೆಯ ದಿನ ನಜೀರಣ್ಣ ತಾವೇ ಅಂಟಿಸಿದ ಪೈಪುಗಳನ್ನು ಗರಗಸ ಹಿಡಿದು ಕುಯ್ಯತೊಡಗಿದರು. ಅಂಟಿಸಿದ ಪ್ಲಾಸ್ಟಿಕ್ ಪೈಪು ಬಿಚ್ಚಲು ಬರುವುದಿಲ್ಲ, ಕುಯ್ದೇ ನೋಡಬೇಕು. ನಾನು ಬಕೀಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಒಂದೊಂದು ತುಂಡು ಬಿದ್ದಾಗಲೂ ಒಳಗೆ ಬೆರಳು ಹಾಕಿ ನೋಡುತ್ತಿದ್ದರು. "ಇದ್ರಾಗಿಲ್ಲ ಅಕ್ಕ," ಎನ್ನುತ್ತಿದ್ದರು. ಪ್ಲಾಸ್ಟಿಕ್ ಪುಡಿಗೆ ಉಬ್ಬಸ ಏರಿ ಮಧ್ಯೆ ಮಧ್ಯೆ ಗೋಡೆಗೆ ಒರಗಿ ಕೂರುತ್ತಿದ್ದರು. ನಾನು ನೀರು ಕೊಡುತ್ತಿದ್ದೆ. ಆ ಹೊತ್ತಿನಲ್ಲಿ ಮೂರು ಸಲ ಬಾಯಿ ತೆರೆದಿದ್ದೇನೆ. ಮೂರು ಸಲವೂ, "ಇನ್ನೊಂದು ಲೋಟ ಬೇಕಾ?" ಎಂದಷ್ಟೇ ಹೊರಗೆ ಬಂತು.

ಮೂರನೆಯ ದಿನ ಬೆಳಿಗ್ಗೆ ಮೇಡಂ ಬಂದರು. ಮಂಗಳೂರಿನ ಬಾಟಲಿ ಬಂದಿತ್ತು. ಹನಿ ಬಿಟ್ಟ ಕೂಡಲೇ ನೀರಿಗೆ ಬಣ್ಣ ಬಂತು. ತಾಮ್ರ ಇರುವುದು ಖಂಡಿತ. ನೆಲದ ತುಂಬ ಪೈಪಿನ ತುಂಡುಗಳು, ಒಂದರಲ್ಲೂ ಹಿತ್ತಾಳೆ ಇಲ್ಲ. ನಜೀರಣ್ಣ ಗರಗಸ ಒರೆಸಿ ಚೀಲಕ್ಕೆ ಹಾಕಿದರು.

"ನಂದೇ ಇರ್ಬೇಕು ಮೇಡಂ," ಎಂದರು. "ಮಣ್ಣೊಳಗೆ ಓಗಿರೋ ಪೈಪ್‌ನಾಗೆ ಎಲ್ಲೋ ಒಂದು ಆಕ್ಬುಟ್ಟಿರ್ತೀನಿ. ಗ್ಯಾಪಕ ಬತ್ತಾ ಇಲ್ಲ. ವಯಸ್ಸಾಯ್ತು. ನೀವ್ ಬ್ಯಾರೆಯೋರ್ನ ನೋಡ್ಕೊಳಿ."

ಬೈಗುಳಕ್ಕೆ ಹೆದರಿ ಆಡಿದ ಮಾತಲ್ಲ ಅದು. ತಮ್ಮ ಕೈಯ ಮೇಲೆ ತಮಗೇ ನಂಬಿಕೆ ಹೋಗಿತ್ತು. ಆ ನಂಬಿಕೆಯನ್ನು ತಿಂದವಳು ನಾನು. ಆ ಮನುಷ್ಯ ಚೀಲ ಹೆಗಲಿಗೆ ಹಾಕಿಕೊಳ್ಳುವುದನ್ನು ನೋಡಿದೆ. ಹೋಗಿ ಸಂಪಿನ ಮುಚ್ಚಳ ಎಳೆದೆ. ಮಂಡಿಯೂರಿ, ತೋಳಿನವರೆಗೂ ಕೈ ಇಳಿಸಿ, ಚಿಪ್ಪಿನ ಚೀಲದ ಹಿಂದೆ ತಡಕಿ ಚೊಂಬನ್ನು ಮೇಲೆತ್ತಿದೆ. ಹಸಿರು ಪಾಚಿ ಕಟ್ಟಿದ ಹಾಗಾಗಿತ್ತು. ಎಲ್ಲರ ಮುಂದೆ ನೆಲದ ಮೇಲಿಟ್ಟೆ.

ಹೊಲಿಗೆ ಮಿಷನ್ನು ನಿಂತಿತು. "ಅಯ್ಯೋ, ಅದು ನಾನು..." ಎಂದು ಗಿರಿಜಾ ಎದ್ದು ಬಂದಳು.

"ಅವಳಲ್ಲ," ಎಂದೆ. "ನಾನಿಟ್ಟೆ. ಗಂಗೆ ಪೂಜೆ ಮಾಡಿ ನಾನೇ ಕೈಯಾರೆ ಇಟ್ಟೆ. ನಜೀರಣ್ಣನ ತಪ್ಪು ಏನೂ ಇಲ್ಲ."

ನಿಂಗಮ್ಮ ಕೆಳಗಿಳಿದು ಬಂದು ಚೊಂಬನ್ನು ಕಾಲಿನಿಂದ ಹೊರಳಿಸಿ ನೋಡಿದರು. ನಾನು ತಲೆ ತಗ್ಗಿಸಿ, ಆ ಮಾತು ಬರಲಿ ಎಂದು ಕಾದೆ.

"ನಮ್ ಚೊಂಬು ಕಣ್ಲಾ ಇದು," ಎಂದು ಅಲ್ಲಿಲ್ಲದ ಮಗನಿಗೆ ಹೇಳುವವರಂತೆ ಗಾಳಿಗೆ ಹೇಳಿದರು. "ಎಲ್ಡು ತಿಂಗಳಿಂದ ಅಟ್ಟ ಎಲ್ಲಾ ಉಡುಕ್ತಾ ಇವ್ನಿ." ಆಮೇಲೆ ಮೇಡಂ ಕಡೆ ತಿರುಗಿ, "ಅಲ್ಲ ಕಣಮ್ಮ, ತಾಮ್ರ ಒಳ್ಳೇದಲ್ವಾ ನೀರ್ಗೆ?" ಎಂದರು.

"ನಮಗೆ ಒಳ್ಳೇದು. ಸಿಗಡಿಗೆ ವಿಷ."

ನಿಂಗಮ್ಮ ನನ್ನ ಕಡೆ ತಿರುಗಿದರು. "ನಾನು ಮನೇಲಿದ್ದಿದ್ರೂ ಇದ್ನೇ ಇಡ್ತಿದ್ದೆ ಬುಡು," ಎಂದು ಚೊಂಬನ್ನು ಎತ್ತಿಕೊಂಡು ಹುಣಸೆಹಣ್ಣು ಹುಡುಕಲು ಒಳಗೆ ಹೋದರು.

ನಾನು ಹೆದರಿದ್ದ ಮಾತು ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ವಾರದ ಮೇಲೆ ಬಸ್‌ಸ್ಟಾಪಿನಲ್ಲಿ ಇಬ್ಬರು ಹೆಂಗಸರು ನನಗೆ ಕೇಳುವ ಹಾಗೇ ಆಡಿಕೊಂಡರು. ಕೇಳಿಸಿಕೊಂಡೆ. ಬಸ್ಸು ಬಂತು, ಹತ್ತಿದೆ. ಅದಕ್ಕಿಂತ ಕಷ್ಟವಾದದ್ದು ಬೇರೆ ಎರಡು. ಒಂದು, ಮೇಡಂ ಅಂದದ್ದು: "ಸತ್ತ ಸಿಗಡಿಗೆ ನಾನು ಬೈಯುದಿಲ್ಲ ಜಯಮ್ಮ. ತಾಮ್ರ ಯಾಕೆ ಕೂಡದು ಅಂತ ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು. ಆದ್ರೆ ನೀವು ಎರಡು ದಿನ ಸುಮ್ಮನಿದ್ರಿ. ಅದಕ್ಕೆ ನಾನು ಎಂತ ಹೇಳುದು?" ಇನ್ನೊಂದು ನಜೀರಣ್ಣನದು. ಅವರು ಚೀಲ ಇಳಿಸಿ, ಕುಯ್ದ ಪೈಪುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು:

"ನನ್ ಪಕ್ಕದಾಗೇ ಬಕೀಟ್ ಇಡ್ಕೊಂಡ್ ನಿಂತಿದ್ರಲ್ಲ ಅಕ್ಕ. ನೀರೂ ಕುಡ್ಸಿದ್ರಿ."

ಆಮೇಲೆ ಅವರು ನನ್ನೊಂದಿಗೆ ಮಾತು ಬಿಟ್ಟರು. ಸಂಪಿನ ನೀರು ಚೆಲ್ಲಿ, ತಾಮ್ರ ಹೀರಿದ್ದ ಜಲ್ಲಿಯನ್ನೆಲ್ಲ ಎಸೆದು, ಹೊಸದಾಗಿ ಹೆಪ್ಪು ಹಾಕಿದೆವು. ಇನ್ನೂರರಲ್ಲಿ ಉಳಿದಿದ್ದದ್ದು ಮೂವತ್ತೊಂದು ಸಿಗಡಿ. ಅವನ್ನು ಬೇರೆ ತೊಟ್ಟಿಯಲ್ಲಿಟ್ಟು ಕಾಪಾಡಿದೆ. ಅಷ್ಟು ದಿನವೂ ನಜೀರಣ್ಣ ಬೇಕಾದ ಸಾಮಾನನ್ನು ಬೆರಳು ತೋರಿಸಿ ಕೇಳುತ್ತಿದ್ದರೇ ಹೊರತು ಅಕ್ಕ ಎನ್ನಲಿಲ್ಲ.

ಮುಂದಿನ ಕೆಲಸ ಮಳವಳ್ಳಿಯಲ್ಲಿ, ತುಂಬಿದ ಮನೆ. ನೀರು ಬಿಡುವ ದಿನ ಅಂಗಳದಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ನಜೀರಣ್ಣ ವಾಲ್ವಿನ ಪಕ್ಕದಲ್ಲಿ ಕೂತು, ಯಾರಿಗೋ ಹೇಳುವವರಂತೆ, "ಪೂಜೆ ಗೀಜೆ ಮಾಡೋರಿದ್ರೆ ಮದ್ಲೇ ಮಾಡ್ಕೊಳ್ರಪ್ಪಾ. ಆಮೇಕೆ ನನ್ ಕೈಲಿ ಪೈಪ್ ಕುಯ್ಸಬ್ಯಾಡಿ," ಎಂದರು. ನನಗೇ ಹೇಳಿದ್ದು. ಹಿಂದಿನ ದಿನ ಕುಂಬಾರರ ಮನೆಯಿಂದ ತಂದಿದ್ದ ಒಂದು ಮಣ್ಣಿನ ಕುಡಿಕೆಯನ್ನು ಚೀಲದಿಂದ ತೆಗೆದೆ. ಅಷ್ಟು ಜನರ ಮುಂದೆ ನಿಂತು ಮಾತನಾಡಿದೆ.

"ತಾಯಿ, ಗಂಗೆ ಪೂಜೆ ಮಾಡೋದಾದ್ರೆ ಈ ಕುಡಿಕೇಲಿ ಮಾಡಿ, ತೊಟ್ಟಿ ಪಕ್ಕದಲ್ಲಿಡಿ. ತೊಟ್ಟಿ ಒಳಕ್ಕೆ ತಾಮ್ರ ಬ್ಯಾಡ, ಹಿತ್ತಾಳೆ ಬ್ಯಾಡ, ಕಾಸು ಬ್ಯಾಡ. ಚಿಕ್ಕರಸಿನಕೆರೇಲಿ ನಾನು ತಾಮ್ರದ ಚೊಂಬಿಟ್ಟು ಸಿಗಡಿ ಎಲ್ಲಾ ಸಾಯಿಸಿದೀನಿ. ಈ ಅಣ್ಣನ ಮೇಲೆ ತಪ್ಪು ಬರೋ ಹಾಗ್ ಮಾಡಿದೀನಿ."

ಯಾರೂ ನಗಲಿಲ್ಲ. ಆ ಮನೆಯ ಅಜ್ಜಿ ಬಂದು ಕುಡಿಕೆ ಇಸಿದುಕೊಂಡರು. ಪೂಜೆ ಆಯಿತು. ನಾನು ಸಂಪಿಗೆ ಕೈ ಹಾಕಿ ತಳವನ್ನೆಲ್ಲ ತಡವಿ ನೋಡಿ ಎದ್ದೆ.

ನಜೀರಣ್ಣ ವಾಲ್ವಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು.

"ಬುಡ್ಲಾ ಅಕ್ಕ?" ಎಂದರು.

"ಬುಡಿ," ಎಂದೆ.

ನಾನು ಕೆಲಸ ಬಿಡುವವರೆಗೂ, ಯಾವ ಮನೆಯಲ್ಲಾಗಲಿ, ಅದನ್ನು ಕೇಳದೆ ಅವರು ವಾಲ್ವು ತಿರುಗಿಸಿದವರಲ್ಲ. ನಾನೂ ತಳ ತಡವದೆ ಬುಡಿ ಎಂದವಳಲ್ಲ.